ದೇವದಾರುವಿನ ನೆರಳಲ್ಲಿ ಒಂದು ಲಿಲ್ಲಿ

ಹೆಸರು ಗೊತ್ತಿಲ್ಲದ ಹೂವಿಗೆ ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವ ಹೆಸರೆಂದರೆ ಲಿಲ್ಲಿ. ಬೇಸಿಗೆಯ ಕೊನೆಯಲ್ಲಿ ಕಾಂಪೌಂಡಿನ ಪಕ್ಕ ಕೆಂಪಗೆ ಕಹಳೆಯಂತೆ ಅರಳುವುದು ಲಿಲ್ಲಿ. ಮೊದಲ ಮಳೆ ಬಿದ್ದ ಮಾರನೆಯ ದಿನ ಕುಂಡದ ತುಂಬ ಗುಲಾಬಿ ಬಣ್ಣದಲ್ಲಿ ಎದ್ದು ನಿಲ್ಲುವುದು ಮಳೆ ಲಿಲ್ಲಿ. ಕೊಳದ ನೈದಿಲೆ ವಾಟರ್ ಲಿಲ್ಲಿ. ಆಫೀಸಿನ ಮೂಲೆಯಲ್ಲಿ ನೆರಳಿಗೆ ಇಡುವ, ಕೆಸುವಿನ ಸಂಬಂಧಿಯಾದ ಗಿಡ ಕೂಡ ಯಾವುದೋ ಒಂದು ಲಿಲ್ಲಿ. "ಅದೊಂಥರಾ ಲಿಲ್ಲಿ ಕಣ್ರೀ" ಎಂದುಬಿಟ್ಟರೆ ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ.

ಸಸ್ಯಶಾಸ್ತ್ರ ಓದಿದವರು ಇಷ್ಟು ಧಾರಾಳಿಗಳಲ್ಲ. ಅವರಲ್ಲಿಯೂ ಹಿಂದೆ ಲಿಲ್ಲಿಯದು ದೊಡ್ಡ ಅವಿಭಕ್ತ ಕುಟುಂಬವಾಗಿತ್ತು. ಈರುಳ್ಳಿ, ಬೆಳ್ಳುಳ್ಳಿ, ಶತಾವರಿ, ಲೋಳೆಸರ ಎಲ್ಲರೂ ಒಂದೇ ಸೂರಿನ ಕೆಳಗಿದ್ದರು. 1998ರ ಸುಮಾರಿನಿಂದ ಗಿಡಗಳ ವಂಶವಾಹಿಗಳನ್ನೇ ಪರೀಕ್ಷಿಸಿ ಸಂಬಂಧ ಗೊತ್ತುಮಾಡುವ ಹೊಸ ವರ್ಗೀಕರಣ ಬಂದಮೇಲೆ ಮನೆ ಪಾಲಾಯಿತು. ಈರುಳ್ಳಿ ಬೆಳ್ಳುಳ್ಳಿ ಒಂದು ಕಡೆ, ಶತಾವರಿ ಇನ್ನೊಂದು ಕಡೆ, ಲೋಳೆಸರ ಮತ್ತೊಂದು ಕಡೆ ಹೋದವು. ಮಲೆನಾಡಿನಲ್ಲಿ ಗೌರಿ ಹಬ್ಬಕ್ಕೆ ತರುವ, ಬೆಂಕಿಯ ನಾಲಿಗೆಯಂತಹ ಎಸಳುಗಳ ಗೌರಿ ಹೂ ಕೂಡ ಹಳೆಯ ಲೆಕ್ಕದಲ್ಲಿ ಲಿಲ್ಲಿಯ ಮನೆಯವಳೇ. ಈಗ ಅವಳೂ ಬೇರೆ. ಹಳೆಯ ಹೆಸರಿನ ಮನೆಯಲ್ಲಿ ಉಳಿದವರು ಕೆಲವರು ಮಾತ್ರ.

ನಿಜವಾದ ಲಿಲ್ಲಿಯನ್ನು ಗುರುತಿಸಲು ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ. ಹೂವಿನ ಮಧ್ಯದಲ್ಲಿ ಮುಂದೆ ಕಾಯಿಯಾಗುವ ಸಣ್ಣ ಹಸಿರು ಗಂಟೊಂದು ಇರುತ್ತದಲ್ಲ, ಅದು ಎಲ್ಲಿದೆ ನೋಡಿ. ನಮ್ಮ ಕೆಂಪು ಕಹಳೆ ಹೂವಿನಲ್ಲಿ, ಮಳೆ ಲಿಲ್ಲಿಯಲ್ಲಿ, ಸುಗಂಧರಾಜದಲ್ಲಿ ಕೂಡ, ಆ ಗಂಟು ಎಸಳುಗಳ ಕೆಳಗೆ, ತೊಟ್ಟಿನ ತುದಿಯಲ್ಲಿ ಇರುತ್ತದೆ. ಲಿಲ್ಲಿಯಲ್ಲಾದರೋ ಎಸಳುಗಳು ಹುಟ್ಟುವ ಜಾಗದ ಮೇಲೆ, ಹೂವಿನ ಒಳಗೆ ಕುಳಿತಿರುತ್ತದೆ. ಎಸಳು ಆರು, ಕೇಸರ ಆರು. ಗಡ್ಡೆಯೂ ಬೇರೆ. ಈರುಳ್ಳಿಗೆ ಸುತ್ತ ಸಿಪ್ಪೆಯ ಸೀರೆ ಇರುತ್ತದೆ. ಲಿಲ್ಲಿಯ ಗಡ್ಡೆಗೆ ಹೊರ ಸಿಪ್ಪೆಯೇ ಇಲ್ಲ, ಸುಲಿದ ಬೆಳ್ಳುಳ್ಳಿಯ ಹಾಗೆ ದಪ್ಪ ಎಸಳುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಈ ಕೊನೆಯ ಗುರುತನ್ನು ಮಾತ್ರ ಕಾಡಿನಲ್ಲಿ ಪರೀಕ್ಷಿಸಬಾರದು. ಏಕೆಂದು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ದಕ್ಷಿಣದಲ್ಲಿ ನಿಜವಾದ ಕಾಡು ಲಿಲ್ಲಿ ನೋಡಬೇಕೆಂದರೆ ನೀಲಗಿರಿ, ಪಳನಿಯಂತಹ ಎತ್ತರದ ಬೆಟ್ಟಗಳಿಗೆ ಹೋಗಬೇಕು. ಅಲ್ಲಿ ಬಿಳಿಯ ಉದ್ದನೆಯ ಕಹಳೆಯಂತಹ ಹೂವಿನ ಜಾತಿಯೊಂದು ಉಂಟು. ನಾನು ಹೇಳಹೊರಟದ್ದು ಅದರ ವಿಷಯವಲ್ಲ, ಅದರ ಉತ್ತರದ ದಾಯಾದಿಯ ವಿಷಯ. ಅಫಘಾನಿಸ್ತಾನದಿಂದ ಹಿಡಿದು ಕಾಶ್ಮೀರ, ಹಿಮಾಚಲ, ಉತ್ತರಾಖಂಡದವರೆಗೆ ಹಿಮಾಲಯದ ಪಶ್ಚಿಮ ಭಾಗದ ದೇವದಾರು, ಪೈನ್ ಕಾಡುಗಳ ತಂಪಿನಲ್ಲಿ ಹುಟ್ಟುವ ಲಿಲ್ಲಿ ಅದು.

2018ರ ಜುಲೈ ತಿಂಗಳಲ್ಲಿ ನಾವು ಏಳು ಜನ ಹೆಂಗಸರು ಹರಿದ್ವಾರ, ಹೃಷೀಕೇಶ ಮುಗಿಸಿಕೊಂಡು ಮಸ್ಸೂರಿಯ ಆಚೆ ಧನೋಲ್ಟಿಗೆ ಹೋಗಿದ್ದೆವು. ಡೆಹರಾಡೂನಿನಲ್ಲಿ ಅರಣ್ಯಶಾಸ್ತ್ರ ಓದುತ್ತಿದ್ದ ನನ್ನ ತಂಗಿಯ ಮಗಳು ಅಲ್ಲಿ ನಮ್ಮ ಜೊತೆ ಸೇರಿಕೊಂಡಳು. ಮಳೆಗಾಲದಲ್ಲಿ ಯಾರಾದರೂ ಬೆಟ್ಟಕ್ಕೆ ಬರುತ್ತಾರೆಯೇ ಎಂದು ಅವಳು ಬೈದದ್ದೂ ಆಯಿತು, ಲಿಲ್ಲಿ ಹೂ ಬಿಡುವ ಕಾಲಕ್ಕೆ ಸರಿಯಾಗಿ ಬಂದಿರಿ ಎಂದು ಖುಷಿಪಟ್ಟದ್ದೂ ಆಯಿತು. ಜೂನ್, ಜುಲೈ ಅದರ ಕಾಲ.

ಧನೋಲ್ಟಿಯಿಂದ ಸ್ವಲ್ಪ ದೂರದಲ್ಲಿ ಸುರ್ಕಂಡಾ ದೇವಿಯ ಗುಡಿ ಇದೆ. ದಾಕ್ಷಾಯಣಿಯ ಶಿರಸ್ಸು ಬಿದ್ದ ಜಾಗ ಅದು ಎಂದು ನಂಬಿಕೆ. ಈಗ ಅಲ್ಲಿಗೆ ರೋಪ್‌ವೇ ಬಂದಿದೆ, ಆಗ ಎಲ್ಲರೂ ಕದ್ದುಖಾಲ್‌ನಿಂದ ಏರಬೇಕಿತ್ತು. ಮೇಲೆ ಪ್ರಸಾದವಾಗಿ ರೌನ್ಸಲಿ ಎನ್ನುವ ಮರದ ಎಲೆ ಕೊಡುತ್ತಾರೆ. ಎಲೆಯೆಂದರೆ ಸಣ್ಣ ಸಣ್ಣ ಹಸಿರು ಕಡ್ಡಿಗಳ ಸಾಲು, ಅದೂ ಸೂಚಿಪರ್ಣಿಯೇ. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ವಾಪಸು ಬರುವಾಗ ಒಂದು ಕಡೆ ರಸ್ತೆ ಬಿಟ್ಟು ಕಾಡಿಗೆ ಇಳಿದೆವು. ಯಾವ ಕಡೆ ಎಂದು ಬರೆಯುವುದಿಲ್ಲ.

ಸೂಚಿಪರ್ಣಿ ಕಾಡು ನಮ್ಮ ಮಲೆನಾಡಿನ ಕಾಡಿನಂತಲ್ಲ. ನಮ್ಮ ಕಾಡಿನಲ್ಲಿ ಬಳ್ಳಿ, ಪೊದೆ, ಜೀರುಂಡೆಯ ಗದ್ದಲ ಎಲ್ಲ ಒಟ್ಟೊಟ್ಟಿಗೆ. ಅಲ್ಲಿ ದೇವದಾರುಗಳು ಕಂಬಗಳಂತೆ ನೇರ ನಿಂತಿರುತ್ತವೆ. ಕೆಳಗೆ ಉದುರಿದ ಸೂಜಿ ಎಲೆಗಳ ಮೆತ್ತೆ, ಕಾಲಿಟ್ಟರೆ ಸದ್ದೇ ಇಲ್ಲ. ಒಣಗಿ ಬಿದ್ದ ಕಾಯಿಗಳ ತುದಿ ಮರದಲ್ಲಿ ಕೆತ್ತಿದ ಗುಲಾಬಿಯ ಹಾಗೆ. ದಟ್ಟ ನೆರಳಿನಲ್ಲಿ ಹೂಗಿಡಗಳು ಕಡಿಮೆ. ಮರಗಳ ನಡುವೆ ಸ್ವಲ್ಪ ಬೆಳಕು ಬೀಳುವ, ಎಲೆ ಕೊಳೆತು ಮಣ್ಣು ಕಪ್ಪಗೆ ಸಡಿಲವಾಗಿರುವ ಇಳಿಜಾರಿನ ಅಂಚುಗಳಲ್ಲಿ ಹುಡುಕಬೇಕು.

"ಹೂವನ್ನು ಕೊನೆಗೆ ನೋಡು ದೊಡ್ಡಮ್ಮ" ಎಂದಳು ಹುಡುಗಿ. "ಮೊದಲು ಕಾಂಡ, ಆಮೇಲೆ ಎಲೆ, ಆಮೇಲೆ ಮುಖ." ಹೆಣ್ಣು ನೋಡಲು ಬಂದವರಿಗೂ ಇದನ್ನೇ ಯಾರಾದರೂ ಹೇಳಿಕೊಡಬೇಕಿತ್ತು ಎಂದು ನಮ್ಮಲ್ಲೊಬ್ಬರು ಅಂದರು. ಎಲ್ಲರೂ ನಕ್ಕೆವು.

ಮೊದಲು ಸಿಕ್ಕಿದ್ದು ನಾವು ಹುಡುಕುತ್ತಿದ್ದದ್ದಲ್ಲ. ತೇವದ ಕೊರಕಲೊಂದರಲ್ಲಿ ಆಳಿಗಿಂತ ಎತ್ತರವಾಗಿ, ಬಾಳೆಯ ದಿಂಡಿನಂತೆ ಗಟ್ಟಿಯಾಗಿ ನಿಂತಿದ್ದ ಗಿಡ. ತುದಿಯಲ್ಲಿ ಬಿಳಿಯ ಉದ್ದನೆಯ ಕಹಳೆಗಳು, ಒಳಗೆ ಕೆಂಪು ಗೆರೆ. ಹಿಮಾಲಯದ ದೈತ್ಯ ಲಿಲ್ಲಿ ಎಂದು ಇದಕ್ಕೆ ಹೆಸರು. ಕಂಡವರೆಲ್ಲ ಇದೇ ದೊಡ್ಡದು, ಇದೇ ನಿಜವಾದದ್ದು ಅನ್ನುತ್ತಾರಂತೆ. ಎಲೆ ನೋಡಿದರೆ ಮುಗಿಯಿತು: ವೀಳ್ಯದೆಲೆಯ ಆಕಾರ, ಅದಕ್ಕಿಂತ ಎಷ್ಟೋ ದೊಡ್ಡದು, ನರಗಳ ಬಲೆ ಬೇರೆ. ನಿಜವಾದ ಲಿಲ್ಲಿಯ ಎಲೆ ಎಂದೂ ಹೃದಯದ ಆಕಾರದಲ್ಲಿ ಇರುವುದಿಲ್ಲ. ಇದನ್ನು ಪಂಡಿತರು ಬೇರೆ ಕುಲಕ್ಕೆ ಸೇರಿಸಿದ್ದಾರೆ. ಹಲವು ವರ್ಷ ಬರಿಯ ಎಲೆ ಬಿಟ್ಟು, ಒಂದು ಸಲ ಹೂವಾಗಿ, ಬೀಜ ಕಟ್ಟಿ, ಆ ಗಡ್ಡೆ ಸಾಯುತ್ತದೆ. ಪಕ್ಕದಲ್ಲಿ ಮರಿಗಡ್ಡೆಗಳನ್ನು ಬಿಟ್ಟುಹೋಗುತ್ತದೆ.

ಎರಡನೆಯ ಮೋಸಗಾತಿ ಮೇದಾ. ಹೂವಿಲ್ಲದ ಕಾಲದಲ್ಲಿ ಇದನ್ನು ಲಿಲ್ಲಿಯಿಂದ ಬೇರೆ ಮಾಡುವುದು ಕಷ್ಟ. ಕಾಂಡದ ಸುತ್ತ ಸಣ್ಣ ಕಿರಿದಾದ ಎಲೆಗಳು ಚಕ್ರ ಚಕ್ರವಾಗಿ, ಒಂದರ ಮೇಲೊಂದು ಅಂತಸ್ತು ಹಾಕಿದಂತೆ ಇರುತ್ತವೆ. ನಾವು ಹುಡುಕುತ್ತಿದ್ದ ಲಿಲ್ಲಿಗೂ ಕೆಳಗಿನ ಎಲೆಗಳು ಕೆಲವೊಮ್ಮೆ ಹೀಗೇ ಸುತ್ತುಗಟ್ಟುತ್ತವೆ, ಆದರೆ ಮೇಲಕ್ಕೆ ಹೋದಂತೆ ಶಿಸ್ತು ತಪ್ಪಿ ಒಂದೊಂದಾಗಿ ಚದುರುತ್ತವೆ. ಮೇದಾದಲ್ಲಿ ಶಿಸ್ತು ತುದಿಯವರೆಗೂ ಉಂಟು. ಅದರ ಹೂಗಳು ಎಲೆಗಳ ಬುಡದಲ್ಲಿ ಜೋತಾಡುವ ಪುಟ್ಟ ಬಿಳಿ ನಳಿಗೆಗಳು, ಮುಂದೆ ಕೆಂಪು ಹಣ್ಣು. ಲಿಲ್ಲಿಯ ಹೂವೆಲ್ಲ ಕಾಂಡದ ತುದಿಯ ಭಾಗದಲ್ಲಿ.

ಕೊನೆಗೆ ಲಿಲ್ಲಿ ಸಿಕ್ಕಿತು. ಒಂದೇ ಒಂದು ಗಿಡ. ಸುಮಾರು ನಾಲ್ಕು ಅಡಿ ಎತ್ತರ, ನಯವಾದ ತೆಳ್ಳನೆಯ ಕಾಂಡ, ತೊಟ್ಟಿಲ್ಲದ ಈಟಿಯಂತಹ ಎಲೆಗಳು ಲೆಕ್ಕವಿಲ್ಲದಷ್ಟು. ತುದಿಯಲ್ಲಿ ತಲೆ ತಗ್ಗಿಸಿದ ಐದು ಹೂ. ಎರಡು ಪೂರ್ತಿ ಅರಳಿ, ಎಸಳುಗಳು ಹಿಂದಕ್ಕೆ ಬಾಗಿ ಸುರುಳಿಯಾಗಿದ್ದವು. ಹೊರಗೆ ಹಸಿರು ಬೆರೆತ ಕೆನೆಬಣ್ಣ. ಒಳಗೆ ನೇರಳೆ ಬಣ್ಣದ ಚುಕ್ಕಿ, ಗೀರು. ಬಗ್ಗಿ ಕೆಳಗಿನಿಂದ ನೋಡದಿದ್ದರೆ ಆ ಚುಕ್ಕಿ ಕಾಣುವುದೇ ಇಲ್ಲ. ಆರು ಕೇಸರಗಳ ನಡುವೆ ಹಸಿರು ಗಂಟು ಹೂವಿನ ಒಳಗೇ ಇತ್ತು. ತಿಳಿಯಾದ ಸುವಾಸನೆ. ನಾವು ಏಳು ಜನವೂ ಸರದಿಯಲ್ಲಿ ಮಂಡಿಯೂರಿ ನೋಡಿದೆವು. ಸುರ್ಕಂಡಾದ ಏರು ದಾರಿಯಲ್ಲಿ ಮಂಡಿ ನೋವೆಂದು ನಾಲ್ಕು ಸಲ ಕುಳಿತವರೂ ನೋಡಿದರು.

ಇದರ ಸಸ್ಯಶಾಸ್ತ್ರದ ಹೆಸರು ಲಿಲಿಯಮ್ ಪಾಲಿಫಿಲ್ಲಮ್. ಪಾಲಿಫಿಲ್ಲಮ್ ಎಂದರೆ ಬಹುಪರ್ಣಿ, ತುಂಬ ಎಲೆಯವಳು. ಹೆಸರಿಟ್ಟವನು ಡೇವಿಡ್ ಡಾನ್ ಎಂಬ ಪಂಡಿತ. ಪ್ರಕಟವಾದದ್ದು ಜಾನ್ ಫೋರ್ಬ್ಸ್ ರಾಯ್ಲ್ ಎಂಬ ವೈದ್ಯನ ಪುಸ್ತಕದಲ್ಲಿ. ರಾಯ್ಲ್ 1823ರಿಂದ ಸಹಾರನ್‌ಪುರದ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ. ಹಿಮಾಲಯದ ಗಿಡಗಳ ಬಗ್ಗೆ ಅವನು ಬರೆದ ದೊಡ್ಡ ಸಚಿತ್ರ ಗ್ರಂಥ 1833ರಿಂದ 1840ರವರೆಗೆ ಕಂತುಕಂತಾಗಿ ಹೊರಬಂತು. ಅವರ ಕಣ್ಣು ಹೋದದ್ದು ಎಲೆಯ ಮೇಲೆ, ಆದ್ದರಿಂದ ಎಲೆಯ ಹೆಸರು.

ನಮ್ಮ ವೈದ್ಯರ ಕಣ್ಣು ನೆಲದ ಕೆಳಗೆ ಹೋಯಿತು. ಆಯುರ್ವೇದದಲ್ಲಿ ಅಷ್ಟವರ್ಗ ಎಂಬ ಎಂಟು ಗಿಡಗಳ ಗುಂಪೊಂದಿದೆ: ಜೀವಕ, ಋಷಭಕ, ಮೇದಾ, ಮಹಾಮೇದಾ, ಕಾಕೋಲಿ, ಕ್ಷೀರಕಾಕೋಲಿ, ಋದ್ಧಿ, ವೃದ್ಧಿ. ಶಕ್ತಿ ಕೊಡುವವು, ಮುಪ್ಪು ಮುಂದೂಡುವವು ಎಂದು ಪ್ರಸಿದ್ಧಿ. ಚ್ಯವನಪ್ರಾಶದ ಶೀಸೆಯ ಮೇಲಿನ ಸಣ್ಣಕ್ಷರಗಳಲ್ಲಿ ಈ ಹೆಸರುಗಳನ್ನು ನೀವೂ ಓದಿರಬಹುದು. ಇವತ್ತಿನ ಸಸ್ಯತಜ್ಞರ ಸಾಮಾನ್ಯ ಲೆಕ್ಕದಲ್ಲಿ ಈ ಎಂಟರಲ್ಲಿ ನಾಲ್ಕು ಆರ್ಕಿಡ್‌ಗಳು, ಎರಡು ಮೇದಾ ಜಾತಿಯವು, ಒಂದು ಶುಂಠಿಯ ಬಂಧು, ಇನ್ನೊಂದು ಈ ಲಿಲ್ಲಿ. ಇವಳಿಗೆ ಕೊಟ್ಟ ಪಟ್ಟ ಕ್ಷೀರಕಾಕೋಲಿ.

ಕೊಟ್ಟ ಪಟ್ಟ ಎಂದು ಬೇಕೆಂದೇ ಬರೆದೆ. ಏಕೆಂದರೆ ಈ ವಿಷಯದಲ್ಲಿ ವಿದ್ವಾಂಸರೆಲ್ಲ ಒಂದೇ ಮಾತಿನವರಲ್ಲ. ಕೆಲವರು ಈ ಲಿಲ್ಲಿಯನ್ನು ಕ್ಷೀರಕಾಕೋಲಿ ಅಲ್ಲ, ಕಾಕೋಲಿ ಎನ್ನುತ್ತಾರೆ. ಇನ್ನು ಕೆಲವರು ಕ್ಷೀರಕಾಕೋಲಿಯ ಹೆಸರನ್ನು ಹುಲ್ಲುಗಾವಲುಗಳಲ್ಲಿ ತಲೆ ತಗ್ಗಿಸಿ ಅರಳುವ, ರಾಯ್ಲ್‌ನ ಹೆಸರನ್ನೇ ಹೊತ್ತ ಫ್ರಿಟಿಲೇರಿಯಾ ಎಂಬ ಇನ್ನೊಂದು ಗಿಡಕ್ಕೆ ಕೊಡುತ್ತಾರೆ. ಹದಿನಾರನೆಯ ಶತಮಾನದ ಭಾವಮಿಶ್ರ ತನ್ನ ಭಾವಪ್ರಕಾಶದಲ್ಲಿ ಕ್ಷೀರಕಾಕೋಲಿಯ ಗಡ್ಡೆಯನ್ನು ಶತಾವರಿಯ ಬೇರಿಗೆ ಹೋಲಿಸಿದ್ದಾನೆ, ಹಾಲಿನಂತಹ ರಸ ಉಳ್ಳದ್ದು ಎಂದಿದ್ದಾನೆ. ಬೆಳ್ಳುಳ್ಳಿಯಂತೆ ಎಸಳೆಸಳಾದ ಲಿಲ್ಲಿಯ ಗಡ್ಡೆಯನ್ನು ಅದರ ಪಕ್ಕಕ್ಕಿಟ್ಟರೆ ಯಾವ ಗೃಹಿಣಿಗಾದರೂ ಸಂಶಯ ಬಾರದೆ ಇರದು. ಹೀಗಾಗುವುದು ಹೊಸದೇನಲ್ಲ. ನಮ್ಮಲ್ಲಿ ಶಂಖಪುಷ್ಪ ಎಂದರೆ ನೀಲಿ ಹೂವಿನ ಬಳ್ಳಿ. ಉತ್ತರದ ವೈದ್ಯರ ಶಂಖಪುಷ್ಪಿ ನೆಲದ ಮೇಲೆ ಹರಡುವ ಬೇರೆಯೇ ಗಿಡ. ದೇಶ ದೊಡ್ಡದು, ಗ್ರಂಥ ಹಳೆಯದು, ಗಿಡದ ಚಿತ್ರ ಬರೆದಿಟ್ಟವರಿಲ್ಲ.

ವಿದ್ವಾಂಸರ ಜಗಳ ಪುಸ್ತಕದಲ್ಲೇ ಉಳಿದಿದ್ದರೆ ಗಿಡಕ್ಕೆ ತೊಂದರೆ ಇರಲಿಲ್ಲ. ಹೆಸರು ಬಿದ್ದಮೇಲೆ ಗುದ್ದಲಿ ಬಂತು. ಎಲೆಯ ಹೆಸರಿನಲ್ಲಿ ಇದ್ದಷ್ಟು ದಿನ ಅವಳು ಒಂದು ಕಾಡುಹೂ. ಕ್ಷೀರಕಾಕೋಲಿಯಾದಮೇಲೆ ಅವಳು ಸರಕು. ನಮ್ಮ ಕೆಲವು ಮನೆತನಗಳಲ್ಲಿ ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಸೊಸೆಗೆ ಹೊಸ ಹೆಸರು ಬರೆಸುವ ಪದ್ಧತಿ ಇತ್ತು. ತವರಿನಲ್ಲಿ ಯಾವ ಹೆಸರಿನಿಂದ ಕರೆಸಿಕೊಂಡಳೋ ಅದು ಅಲ್ಲಿಗೆ ಮುಗಿಯಿತು. ಹೊಸ ಹೆಸರಿನ ಜೊತೆಗೆ ಆ ಮನೆಯವರು ಅವಳಿಂದ ಏನೇನು ಬಯಸುತ್ತಾರೋ ಅದೂ ಬಂತು. ಹೆಸರು ಕೇಳಿ ಒಪ್ಪಿಕೊಂಡಳೋ ಇಲ್ಲವೋ ಯಾರೂ ವಿಚಾರಿಸುತ್ತಿರಲಿಲ್ಲ. ಈ ಲಿಲ್ಲಿಯನ್ನು ನೋಡುವಾಗ ನನಗೆ ಆ ಅಕ್ಕಿಯ ತಟ್ಟೆ ನೆನಪಾಯಿತು.

ಸೊಪ್ಪು, ಹೂ, ಹಣ್ಣು ಕಿತ್ತರೆ ಗಿಡ ಉಳಿಯುತ್ತದೆ. ನೆಲ್ಲಿಕಾಯಿ ಎಷ್ಟು ಕೊಯ್ದರೂ ಮರ ಮುಂದಿನ ವರ್ಷ ಕೊಡುತ್ತದೆ. ಗಡ್ಡೆಗೆ ಬೇಡಿಕೆ ಬಂದರೆ ಹಾಗಲ್ಲ. ತೆಗೆದುಕೊಂಡದ್ದೇ ಗಿಡದ ಪ್ರಾಣ. ಈ ಲಿಲ್ಲಿಯ ಬೀಜಗಳು ತೆಳ್ಳಗೆ ಚಪ್ಪಟೆಯಾಗಿ, ಮೂರು ಕೋಣೆಯ ಕಾಯಿಯೊಳಗೆ ನಾಣ್ಯ ಜೋಡಿಸಿದಂತೆ ಇರುತ್ತವೆ. ಕಾಯಿ ಒಣಗಿ ಬಿರಿದು ಗಾಳಿಗೆ ಉದುರಬೇಕು, ಚಳಿಗಾಲ ಕಳೆಯಬೇಕು, ಮೊಳೆಯಬೇಕು. ಸಸಿ ಹೂ ಬಿಡುವಷ್ಟು ಬೆಳೆಯಲು ಮತ್ತೆ ಹಲವು ವರ್ಷ. ಕಾಯಿ ಬಿರಿಯುವ ಮೊದಲೇ ಅಗೆದರೆ ತಾಯಿಯೂ ಹೋಯಿತು, ಮಕ್ಕಳೂ ಹೋದರು. ಇದರ ಜೊತೆಗೆ ದನ ಮೇಯುವುದು, ರಸ್ತೆ ಅಗಲ ಮಾಡುವುದು, ಬೇಸಿಗೆಯ ಕಾಡುಬೆಂಕಿ. ಈ ಲಿಲ್ಲಿ ಈಗ ತೀರ ಅಳಿವಿನ ಅಂಚಿನಲ್ಲಿದೆ ಎಂದು ತಜ್ಞರು ಎಣಿಸಿದ್ದಾರೆ.

ಇಷ್ಟನ್ನೂ ಹುಡುಗಿ ಹೇಳುತ್ತಿದ್ದಾಗಲೇ ನಮ್ಮ ಗುಂಪಿನ ಹಿರಿಯರೊಬ್ಬರು, ಧಾರವಾಡದಲ್ಲಿ ಚೆಂದದ ಕೈತೋಟ ಮಾಡಿದವರು, "ಒಂದು ಗಡ್ಡೆ ಸಿಕ್ಕರೆ ಮನೆಯಲ್ಲಿ ಬೆಳೆಸಿ ಉಳಿಸಬಹುದಲ್ಲ" ಎಂದರು. ಕೇಳಿದ್ದು ದುರಾಸೆಯಿಂದಲ್ಲ. ಯಾರ ತೋಟಕ್ಕೆ ಹೋದರೂ ಒಂದು ಕಡ್ಡಿ ಕೇಳಿ ತರುವುದು ನಮ್ಮ ಹೆಂಗಸರ ರಕ್ತದಲ್ಲೇ ಇದೆ. ನಮ್ಮ ಅರ್ಧ ಹಿತ್ತಿಲುಗಳು ಹುಟ್ಟಿದ್ದೇ ಹಾಗೆ. ಹುಡುಗಿ ಸಮಾಧಾನದಿಂದ ಉತ್ತರ ಕೊಟ್ಟಳು. ಈ ಗಡ್ಡೆಗೆ ಚಳಿಗಾಲದಲ್ಲಿ ಹಿಮದ ಕೆಳಗೆ ನಿದ್ದೆ ಬೇಕು. ನಮ್ಮ ಬಯಲಿನ ಬಿಸಿಲಿಗೆ ಕೊಳೆತುಹೋಗುತ್ತದೆ. ಕಾಡಿನಿಂದ ಅಪ್ಪಣೆಯಿಲ್ಲದೆ ಅಗೆದು ಒಯ್ಯುವುದು ಕಾನೂನಿಗೂ ವಿರುದ್ಧ. ಅವರು ಮರುಮಾತಾಡದೆ ಫೋಟೋ ತೆಗೆದುಕೊಂಡರು.

ಅಷ್ಟರಲ್ಲಿ ಮೇಲಿನಿಂದ ಇಬ್ಬರು ಹೆಂಗಸರು ಹುಲ್ಲು ಕೊಯ್ಯುತ್ತ ಇಳಿದು ಬಂದರು. ಬೆನ್ನ ಮೇಲೆ ಹೊರೆ, ಕೈಯಲ್ಲಿ ಕುಡುಗೋಲು. ಆ ಬೆಟ್ಟಗಳಲ್ಲಿ ದನದ ಮೇವು, ಒಲೆಯ ಸೌದೆ ಎಲ್ಲ ಹೆಂಗಸರ ಬೆನ್ನಿನ ಮೇಲೇ. ಅವರ ಕುಡುಗೋಲು ಸರಸರನೆ ಹುಲ್ಲು ಸವರುತ್ತ ಬಂತು, ಲಿಲ್ಲಿಯ ಹತ್ತಿರ ಬಂದಾಗ ಸುತ್ತು ಹಾಕಿ ಮುಂದೆ ಹೋಯಿತು. ನಾವು ಪಾಠ ಹೇಳಿಸಿಕೊಂಡು ಕಲಿತದ್ದನ್ನು ಅವರ ಕೈಗೆ ಯಾರೂ ಹೇಳಬೇಕಾಗಿರಲಿಲ್ಲ. ಹುಡುಗಿ ಹಿಂದಿಯಲ್ಲಿ ಕೇಳಿದಳು, ಇದನ್ನು ಏಕೆ ಬಿಟ್ಟಿರಿ ಎಂದು. ಅವರಲ್ಲಿ ಹಿರಿಯಳು ಇದೇನು ಪ್ರಶ್ನೆ ಎನ್ನುವಂತೆ ನೋಡಿ, "ಹೂ ಬಿಟ್ಟಿದೆಯಲ್ಲ" ಎಂದಳು. ಮೊದಲು ತುಂಬ ಇರುತ್ತಿತ್ತೇ ಎಂದು ಕೇಳಿದ್ದಕ್ಕೆ, ತಾನು ಮದುವೆಯಾಗಿ ಬಂದಾಗ ಈ ಇಳಿಜಾರಿನ ಉದ್ದಕ್ಕೂ ಇತ್ತು ಎಂದಳು. ಅಗೆದು ಮಾರುವವರು ಯಾರು ಎಂದಾಗ ಮಾತ್ರ ನಕ್ಕು ಹೊರೆ ಸರಿಮಾಡಿಕೊಂಡಳು. ಅಗೆಯುವವರೂ ಹತ್ತಿರದ ಹಳ್ಳಿಯವರೇ ಇರಬೇಕು, ಅವರಿಗೂ ಮನೆ ನಡೆಯಬೇಕು. ಅವರನ್ನು ದೂರುವುದು ಸುಲಭ. ಗಡ್ಡೆ ಬೆಟ್ಟ ಇಳಿದು ಕೊನೆಗೆ ಬಂದು ಸೇರುವುದು ನಮ್ಮಂಥವರ ಅಡಿಗೆಮನೆಯ ಕಪಾಟಿಗೆ.

ಇದಕ್ಕೆ ಪರಿಹಾರ ಹಳೆಯ ಗ್ರಂಥದಲ್ಲೇ ಇದೆ ಎಂಬುದು ನನಗೆ ಆಶ್ಚರ್ಯ ತಂದ ಸಂಗತಿ. ಅಷ್ಟವರ್ಗ ರಾಜರಿಗೂ ದುರ್ಲಭ ಎಂದು ಭಾವಮಿಶ್ರ ಆಗಲೇ ಬರೆದಿದ್ದಾನೆ. ಬರೆದು ಸುಮ್ಮನಾಗಲಿಲ್ಲ, ಬದಲಿಗೆ ಏನು ಹಾಕಬೇಕೆಂದೂ ಹೇಳಿದ್ದಾನೆ. ಮೇದಾ ಮಹಾಮೇದಾಗಳಿಗೆ ಬದಲು ಶತಾವರಿ, ಜೀವಕ ಋಷಭಕಗಳಿಗೆ ಬದಲು ವಿದಾರಿಕಂದ, ಋದ್ಧಿ ವೃದ್ಧಿಗಳಿಗೆ ವಾರಾಹಿಕಂದ. ಕಾಕೋಲಿ ಕ್ಷೀರಕಾಕೋಲಿಗಳಿಗೆ ಅಶ್ವಗಂಧ. ಅಶ್ವಗಂಧವನ್ನು ರೈತರು ಹೊಲದಲ್ಲಿ ಬಿತ್ತಿ ಬೆಳೆಯುತ್ತಾರೆ. ಅದರ ಬೇರು ಕಿತ್ತರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಮನೆಯಲ್ಲಿ ಏಲಕ್ಕಿ ಇಲ್ಲದ ದಿನ ಜಾಯಿಕಾಯಿ ತೇಯ್ದು ಹಾಕಿ ಪಾಯಸ ಮುಗಿಸಿದ ಅಜ್ಜಿಯರ ವಿವೇಕವೇ ಇದು.

ಊರಿಗೆ ಬಂದಮೇಲೆ ನಮ್ಮ ಮನೆಯ ಚ್ಯವನಪ್ರಾಶದ ಶೀಸೆಯನ್ನು ಬೆಳಕಿಗೆ ಹಿಡಿದು ಓದಿದೆ. ಈಗ ಕೊಳ್ಳುವಾಗಲೂ ಓದುತ್ತೇನೆ. ಅಷ್ಟವರ್ಗಕ್ಕೆ ಬದಲಿ ಹಾಕಿದೆ ಎಂದು ಬರೆದಿದ್ದರೆ ಕಳಪೆ ಎಂದು ಬದಿಗಿಡುವುದಿಲ್ಲ, ಅದನ್ನೇ ಕೊಳ್ಳುತ್ತೇನೆ. ಅಪ್ಪಟ ಹಿಮಾಲಯದ ಕಾಡುಗಡ್ಡೆ ಎಂದು ಹೆಮ್ಮೆಯಿಂದ ಬರೆದಿದ್ದರೆ ಅದು ಬೆಳೆಸಿದ್ದೋ, ಅಗೆದದ್ದೋ ಎಂದು ಅಂಗಡಿಯವನನ್ನು ಕೇಳುತ್ತೇನೆ. ಅವನಿಗೆ ಗೊತ್ತಿರುವುದಿಲ್ಲ. ಆದರೆ ಹತ್ತು ಜನ ಹೆಂಗಸರು ಹತ್ತು ಸಲ ಕೇಳಿದರೆ ಅವನೂ ಮೇಲಿನವರನ್ನು ಕೇಳಿಯಾನು ಎಂಬ ಆಸೆ.

ಆ ದಿನ ಹುಡುಗಿ ಗಿಡದ ಪಕ್ಕ ಕುಳಿತು ತನ್ನ ಪುಸ್ತಕದಲ್ಲಿ ಎಲ್ಲ ಬರೆದುಕೊಂಡಳು. ತಾರೀಖು, ಗಿಡದ ಎತ್ತರ, ಕೆಳಗಿನ ಎಲೆಗಳ ಸುತ್ತು ಎಷ್ಟು, ಹೂ ಐದು, ಅರಳಿದ್ದು ಎರಡು, ಮೇಲಿನ ಮರ ದೇವದಾರು, ಇಳಿಜಾರು ಉತ್ತರಕ್ಕೆ. ಸ್ಥಳ ಎಂಬಲ್ಲಿ ಜಿಲ್ಲೆಯ ಹೆಸರು ಮಾತ್ರ ಬರೆದಳು, ಟಿಹ್ರಿ ಗಢವಾಲ. ಇಷ್ಟು ಅಳೆದು ಎಣಿಸಿ ಊರಿನ ಹೆಸರನ್ನೇ ಬಿಟ್ಟೆಯಲ್ಲ ಎಂದೆ. "ಗುರುತು ಸಿಕ್ಕಿತಲ್ಲ ದೊಡ್ಡಮ್ಮ, ಇನ್ನು ವಿಳಾಸ ಯಾಕೆ?" ಎಂದಳು. ಧಾರವಾಡದವರು ತಾವು ತೆಗೆದ ಫೋಟೋಗಳಲ್ಲಿ ಹಿಂದೆ ರಸ್ತೆಯ ಕಲ್ಲು ಕಾಣುತ್ತಿದ್ದ ಒಂದನ್ನು ಅಲ್ಲೇ ಅಳಿಸಿಹಾಕಿದರು. ಮಳೆ ಹನಿಯತೊಡಗಿತ್ತು. ಬಿಚ್ಚಿದ ಕೊಡೆಗಳು ಗಿಡಕ್ಕೆ ತಾಗದಂತೆ ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದು ರಸ್ತೆಗೆ ಹತ್ತಿದೆವು.